ಶಹರ್ಬಾನುವಿನ ಅರವತ್ತು ಮೂಳೆಗಳು

ಮರ್ಯಾದೆಯೂ ಅತಿಯಾದರೆ ಕಾಟವೇ. ಈ ಮಾತನ್ನು ನಂಬದವರು ಹರಿಹರದ ಶಹರ್ಬಾನುವನ್ನು ಕೇಳಬೇಕು. ದಾವಣಗೆರೆಯ ನೀಲಕಂಠ ಸ್ಮಾರಕ ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಅವಳಿಗೆ ಸಿಕ್ಕಷ್ಟು ಮರ್ಯಾದೆ ಮಾವನ ಮನೆಯಲ್ಲಿ ಹೊಸ ಅಳಿಯನಿಗೂ ಸಿಕ್ಕಿರಲಾರದು. ಕೋಣೆಯಲ್ಲಿದ್ದ ಒಂದೇ ಸ್ಟೂಲು ಅವಳಿಗೆ. ಚಹಾ ಬಂದರೆ ಮೊದಲ ಲೋಟ ಅವಳಿಗೆ. ಅವಳು ಒಳಗೆ ಬಂದರೆ ಬೀಡಿ ಹಚ್ಚಿದವರು ಎದ್ದು ಹೊರಗೆ ಹೋಗಬೇಕು. ಇದೆಲ್ಲ ಹಿರಿಯ ತಂತ್ರಜ್ಞ ಕಲ್ಲೇಶಪ್ಪನವರ ಅಪ್ಪಣೆ. ಅದೇ ಬಾಯಿಂದ ಬಂದ ಇನ್ನೊಂದು ಅಪ್ಪಣೆಯೂ ಇತ್ತು. ಗಂಡಸು ರೋಗಿ ಬಂದಾಗ ಶಹರ್ಬಾನು ಯಂತ್ರದ ಹತ್ತಿರ ಸುಳಿಯಕೂಡದು.

"ನಿನಗ್ಯಾಕಮ್ಮ ಆ ಕರ್ಮ? ಯಾರ್ಯಾರದೋ ಕಾಲು ಹಿಡಿಯೋದು, ಕೈ ಹಿಡಿಯೋದು. ನೀನು ಕತ್ತಲ ಕೋಣ್ಯಾಗ ಫಿಲ್ಮ್ ತೊಳಕೊಂಡಿರು. ನಾವಿದೀವಲ್ಲ," ಎನ್ನುತ್ತಿದ್ದರು ಅವರು.

ಹೇಳುವ ರೀತಿಯಲ್ಲಿ ಒಂದಿಷ್ಟೂ ಗಡಸಿರುತ್ತಿರಲಿಲ್ಲ. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಕೋಟು, ಐವತ್ತು ದಾಟಿದ ವಯಸ್ಸು, ಲೋಕಿಕೆರೆ ಕಡೆಯ ಮೆತ್ತನೆಯ ಮಾತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೀಗೆ ಬೆಣ್ಣೆ ಸವರಿ ಬಾಗಿಲು ಹಾಕುವವರ ಜೊತೆ ಜಗಳ ಆಡುವುದು ಹೇಗೆ ಎಂದು ಶಹರ್ಬಾನುವಿಗೆ ಯಾರೂ ಕಲಿಸಿರಲಿಲ್ಲ.

ಅವಳು ಅಲ್ಲಿಗೆ ಸೇರಿದ್ದು ಎಪ್ಪತ್ತೆಂಟರ ಆಗಸ್ಟಿನಲ್ಲಿ, ಎರಡು ವರ್ಷದ ಎಕ್ಸ್-ರೇ ತಂತ್ರಜ್ಞರ ಡಿಪ್ಲೊಮಾಕ್ಕೆ. ಆ ವರ್ಷ ಸೇರಿದವರು ಮೂವರೇ: ಆನೆಕೊಂಡದ ಓಬಯ್ಯ, ನಂದಿಗುಡಿಯ ಸೂರಪ್ಪ, ಮತ್ತು ಅವಳು. ಅವಳನ್ನು ಸೇರಿಸಿದ್ದು ಅಪ್ಪ ಮೌಲಾ ಸಾಬ್. ಹರಿಹರದ ಹಳೇ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವರ ಕಸುಬು. ಅಂಥವರಿಗೆ ಮಗಳನ್ನು ಎಕ್ಸ್-ರೇ ಓದಿಗೆ ಹಾಕುವ ಯೋಚನೆ ಎಲ್ಲಿಂದ ಬಂತು ಎಂದು ಮಸೀದಿಯ ಮುಂದೆ ಕೇಳದವರಿಲ್ಲ. ಬಂದದ್ದು ಹೆಂಡತಿಯ ಕೆಮ್ಮಿನಿಂದ. ಖೈರುನ್ನೀಸಾ ಒಂದೂವರೆ ವರ್ಷ ಕೆಮ್ಮಿದರು. ಎದೆಯ ಫಿಲ್ಮ್ ತೆಗೆಸಲು ಎರಡು ಸಲ ಆಸ್ಪತ್ರೆಯ ಬಾಗಿಲಿಗೆ ಹೋಗಿ, ಒಳಗೆ ನಿಂತವನು ಗಂಡಸು ಎಂದು ಬುರ್ಖಾ ಸರಿಪಡಿಸಿಕೊಂಡು ವಾಪಸ್ಸು ಬಂದರು. ಮೂರನೇ ಸಲ ಒಬ್ಬ ಲೇಡಿ ಡಾಕ್ಟರು ಪಕ್ಕದಲ್ಲೇ ನಿಂತು ತೆಗೆಸಿದಾಗ ಕ್ಷಯ ಎಂದು ಗೊತ್ತಾಯಿತು. ಇಂಜೆಕ್ಷನ್ನು, ಗುಳಿಗೆ ಎಂದು ಮತ್ತೊಂದು ವರ್ಷ ಹೋಗಿ, ಸದ್ಯ, ಗುಣವಾದರು.

"ಆ ಮಶೀನ್ ಹತ್ರ ಒಬ್ಬ ಹೆಣ್ಮಗಳು ಇದ್ದಿದ್ರೆ ನಿಮ್ಮಮ್ಮಿ ಇಷ್ಟು ದಿನ ಕೆಮ್ಮೋದು ಬೇಕಿರ್ಲಿಲ್ಲ," ಎಂದಿದ್ದರು ಮೌಲಾ ಸಾಬ್. "ಪಿಯುಸಿ ಸೈನ್ಸ್ ಆಗೈತೆ. ನೀನೇ ಹೋಗು."

ಹಾಗಾಗಿ ಶಹರ್ಬಾನು ದಿನಾ ಬೆಳಿಗ್ಗೆ ಹರಿಹರದಿಂದ ಪ್ಯಾಸೆಂಜರ್ ರೈಲು ಹತ್ತಿ ದಾವಣಗೆರೆಗೆ ಬರುತ್ತಿದ್ದಳು. ಓದು ಕಷ್ಟವಾಗಲಿಲ್ಲ. ಇಂಗ್ಲಿಷ್ ಪುಸ್ತಕವನ್ನು ರೈಲಿನಲ್ಲೇ ಅರೆದು ಕುಡಿದಳು. ಕಷ್ಟವಿದ್ದದ್ದು ಲಾಗ್ ಬುಕ್ಕಿನಲ್ಲಿ. ನೀಲಿ ರಟ್ಟಿನ ಆ ಪುಸ್ತಕದಲ್ಲಿ, ವಿದ್ಯಾರ್ಥಿ ತಾನೇ ರೋಗಿಯನ್ನು ಮಲಗಿಸಿ, ಕೂರಿಸಿ, ಗುಂಡಿ ಒತ್ತಿ ತೆಗೆದ ಫಿಲ್ಮುಗಳನ್ನು ಬರೆಯಬೇಕು. ಎದೆ, ಹೊಟ್ಟೆ ಸೇರಿ ಇನ್ನೂರು. ಕೈ, ಕಾಲು, ಬೆನ್ನು, ತಲೆಬುರುಡೆ ಸೇರಿ ಅರವತ್ತು. ಒಂದೊಂದು ಪುಟಕ್ಕೂ ಹಿರಿಯ ತಂತ್ರಜ್ಞರ ಸಹಿ ಬೀಳಬೇಕು. ಪುಸ್ತಕ ತುಂಬದಿದ್ದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ರೈಲಿನ ಓಡಾಟವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಎದೆಗಳ ಇನ್ನೂರು ಅವಳಿಗೆ ಒಂದೇ ವರ್ಷದಲ್ಲಿ ತುಂಬಿತು. ಅದು ತುಂಬಿದ ಕಥೆ ಬೇರೆ. ಅಲ್ಲಿಗೆ ಬರುವ ಹೆಂಗಸರಲ್ಲಿ ಮುಕ್ಕಾಲು ಮಂದಿ ತಾಳಿ ತೆಗೆಯಲು ಒಪ್ಪುತ್ತಿರಲಿಲ್ಲ. "ಹಿಂದಕ್ಕೆ ಹಾಕ್ಕೊಂತೀನಿ ಬಿಡ್ರಿ," ಎಂದು ಸರವನ್ನು ಬೆನ್ನ ಮೇಲೆ ಎಸೆದುಕೊಂಡು ನಿಂತುಬಿಡುತ್ತಿದ್ದರು. ಎಕ್ಸ್-ರೇಗೆ ಹಿಂದೇನು, ಮುಂದೇನು? ಬಂಗಾರ ಎಲ್ಲಿದ್ದರೂ ನೆರಳೇ. ಕಲ್ಲೇಶಪ್ಪನವರು ಹೆಂಗಸರಿಗೆ ತಾಳಿ ತೆಗೆಯಿರಿ ಎಂದು ಹೇಳಲು ನಾಲಿಗೆ ಏಳದೆ ಇಪ್ಪತ್ತು ವರ್ಷ ಹಾಗೇ ತೆಗೆದಿದ್ದರು. ಡಾಕ್ಟರುಗಳೂ ಶ್ವಾಸಕೋಶದ ಮೇಲೆ ಬಿದ್ದ ಎರಡು ಗುಂಡು ಬಿಳಿ ಕಲೆಗಳನ್ನು ನೋಡಿ, ಇದು ತಾಳಿ, ಇದು ರೋಗ ಎಂದು ಅಂದಾಜಿನಲ್ಲಿ ಹೇಳುತ್ತಿದ್ದರು.

ಇದಕ್ಕೆ ದಾರಿ ಹುಡುಕಿದ್ದು ಶಹರ್ಬಾನು ಮತ್ತು ಆಸ್ಪತ್ರೆಯ ಆಯಾ ಯಲ್ಲಕ್ಕ. ತಾಳಿ ಹರಿದುಹೋದಾಗ ಹೊಸದು ಪೋಣಿಸುವವರೆಗೆ ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿಕೊಳ್ಳುವ ರೂಢಿ ಇದೆಯಲ್ಲ, ಅದನ್ನೇ ಇಲ್ಲೂ ಮಾಡಿದರೆ ಹೇಗೆ ಎಂದು ಇಬ್ಬರೂ ಮಾತಾಡಿಕೊಂಡರು. ಯಲ್ಲಕ್ಕ ಒಂದು ಡಬ್ಬಿಯಲ್ಲಿ ಅರಿಶಿನದ ದಾರಗಳನ್ನು ಇಟ್ಟುಕೊಂಡಳು. ಮೊದಲು ದಾರ ಕಟ್ಟುವುದು, ಕೊಂಬನ್ನು ಕತ್ತಿನ ಮೇಲಕ್ಕೆ ಸರಿಸುವುದು, ಆಮೇಲೆ ಬಂಗಾರವನ್ನು ಬಿಚ್ಚಿ ಅವರದೇ ಸೆರಗಿನ ಗಂಟಿಗೆ ಹಾಕುವುದು. ಕೊರಳು ಒಂದು ಗಳಿಗೆಯೂ ಬರಿದಾಗಲಿಲ್ಲ, ಫಿಲ್ಮಿನಲ್ಲಿ ಕಲೆಯೂ ಬೀಳಲಿಲ್ಲ. ಸುದ್ದಿ ಹಬ್ಬಿತು. ಬುರ್ಖಾದವರು, ಸೆರಗು ಹೊದ್ದವರು, ಹಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಬಂದವರು, ಎಲ್ಲರೂ "ಆ ಸಾಬರ ಹುಡ್ಗಿ ಅದಾಳೇನು?" ಎಂದು ಕೇಳಿಕೊಂಡೇ ಬರತೊಡಗಿದರು.

ಶಹರ್ಬಾನುವಿಗೆ ಮೊದಮೊದಲು ಹೆಮ್ಮೆಯಾಯಿತು. ಅಮ್ಮಿಯಂಥವರು ಇನ್ನು ಬಾಗಿಲಿನಿಂದ ತಿರುಗಿ ಹೋಗಬೇಕಾಗಿಲ್ಲವಲ್ಲ ಎಂಬ ಸಮಾಧಾನ. ಆದರೆ ಎರಡನೇ ವರ್ಷದ ಹೊತ್ತಿಗೆ ಅವಳ ಪುಸ್ತಕದಲ್ಲಿ ನಾಲ್ಕುನೂರಕ್ಕೂ ಮೀರಿ ಎದೆಗಳಿದ್ದವು, ಮೂಳೆಗಳು ಹನ್ನೊಂದು. ಅಷ್ಟೂ ಮಕ್ಕಳವು ಮತ್ತು ಹೆಂಗಸರವು.

ಹೆಂಗಸರ ಮೂಳೆ ಮುರಿಯುವುದಿಲ್ಲವೇ? ಧಾರಾಳವಾಗಿ ಮುರಿಯುತ್ತದೆ. ಆದರೆ ಗಂಡಸಿನ ಕಾಲು ಮುರಿದರೆ ನಾಲ್ಕು ಜನ ಹೊತ್ತುಕೊಂಡು ಆಸ್ಪತ್ರೆಗೆ ಓಡಿಬರುತ್ತಾರೆ. ಹೆಂಗಸಿನ ಕೈ ಮುರಿದರೆ ಎಣ್ಣೆ ತಿಕ್ಕಿ ಬಿದಿರ ದಬ್ಬೆ ಕಟ್ಟುವವರ ಹತ್ತಿರ ಕಳಿಸುತ್ತಾರೆ, ಅವಳು ಇನ್ನೊಂದು ಕೈಯಲ್ಲಿ ರೊಟ್ಟಿ ತಟ್ಟುತ್ತಾಳೆ. ಹತ್ತಿ ಗಿರಣಿಯಲ್ಲಿ ಬೆರಳು ಜಜ್ಜಿಕೊಂಡವರು, ಧಾನ್ಯದ ಮಂಡಿಯಲ್ಲಿ ಕಾಲಿನ ಮೇಲೆ ಮೂಟೆ ಬೀಳಿಸಿಕೊಂಡ ಹಮಾಲರು, ಸೈಕಲ್ಲಿನಿಂದ ಬಿದ್ದ ಮೇಷ್ಟರುಗಳು, ಎಲ್ಲ ಗಂಡಸರೇ. ಅವರು ಬಂದಾಗ ಕಲ್ಲೇಶಪ್ಪನವರು ಕೆಮ್ಮುತ್ತಿದ್ದರು. ಅದು ಶಹರ್ಬಾನು ಎದ್ದು ಕತ್ತಲ ಕೋಣೆಗೆ ಹೋಗಬೇಕೆಂಬ ಸೂಚನೆ. ಅಲ್ಲಿ ಕೆಂಪು ದೀಪದ ಕೆಳಗೆ ಹುಳಿ ವಾಸನೆಯ ನೀರಿನಲ್ಲಿ ಅವಳು ತೊಳೆದ ಗಂಡಸರ ಮೂಳೆಗಳಿಗೆ ಲೆಕ್ಕವಿಲ್ಲ. ತೊಳೆದದ್ದು ಪುಸ್ತಕಕ್ಕೆ ಬರುವುದಿಲ್ಲ.

ಓಬಯ್ಯ, ಸೂರಪ್ಪರಿಗೆ ಯಂತ್ರ ಮುಟ್ಟಲು ಅಡ್ಡಿಯಿರಲಿಲ್ಲ. ಅಡ್ಡಿಯಿಲ್ಲದ್ದರಿಂದಲೇ ಅವರು ಮುಟ್ಟುತ್ತಲೂ ಇರಲಿಲ್ಲ. ಮಧ್ಯಾಹ್ನ ಮ್ಯಾಟನಿಗೆ ಹೋಗಿ, ತಿಂಗಳ ಕೊನೆಗೆ ಆಸ್ಪತ್ರೆಯ ರಿಜಿಸ್ಟರಿನಿಂದ ಹೆಸರು, ನಂಬರು ನೋಡಿ ಲಾಗ್ ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಕಲ್ಲೇಶಪ್ಪನವರು ಪುಟ ತಿರುವದೆ ಸಹಿ ಹಾಕುತ್ತಿದ್ದರು. ಪರೀಕ್ಷೆ ಹತ್ತಿರ ಬಂದಾಗ ಅವರೇ ಶಹರ್ಬಾನುವನ್ನು ಕರೆದು, "ನೀನೂ ಇಳಿಸ್ಕೊಂಡು ಬಾರಮ್ಮ. ಚಿಂತಿ ಮಾಡಬ್ಯಾಡ, ಕಣ್ಣು ಮುಚ್ಚಿ ಸಹಿ ಹಾಕ್ತೀನಿ," ಎಂದರು.

ಅವಳೂ ಇಳಿಸಿಕೊಂಡಳು. ಇದನ್ನು ಮುಚ್ಚಿಡುವುದು ಬೇಡ. ಎಲ್ಲರೂ ಮಾಡುತ್ತಾರೆ, ನನ್ನದೇನು ತಪ್ಪು, ನನಗೆ ಯಂತ್ರ ಕೊಡದೆ ಇದ್ದವರದ್ದು ತಪ್ಪು ಎಂದು ಮನಸ್ಸಿಗೆ ಹೇಳಿಕೊಂಡು, ನಲವತ್ತೊಂಬತ್ತು ಮೂಳೆಗಳನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದಳು. ಅದರಲ್ಲಿ ಹದಿನೇಳು ಮಣಿಕಟ್ಟುಗಳಿದ್ದವು.

ಎಂಬತ್ತರ ಜೂನಿನಲ್ಲಿ ಬೆಂಗಳೂರಿನಲ್ಲಿ ಪರೀಕ್ಷೆ. ಬರೆಯುವ ಪರೀಕ್ಷೆಯಲ್ಲಿ ಮೂವರಲ್ಲಿ ಅವಳದೇ ಹೆಚ್ಚು ಅಂಕ. ಪ್ರಾಯೋಗಿಕ ಪರೀಕ್ಷೆಯ ದಿನ ಅವಳ ಮುಂದೆ ಒಬ್ಬ ಮುದುಕನನ್ನು ಕೂರಿಸಿದರು. ಯಾವುದೋ ತೋಟದ ಮಾಲಿ, ಬಲಗೈ ಊದಿಕೊಂಡಿತ್ತು. ಮಣಿಕಟ್ಟು, ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಬೇಕು. ಪಕ್ಕದಿಂದ ತೆಗೆಯಲು ಕೈಯನ್ನು ಎಷ್ಟು ಹೊರಳಿಸಬೇಕು, ಎಲ್ಲಿ ಬೆಂಬಲ ಕೊಡಬೇಕು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದಳು. ಆದರೆ ಆ ಊದಿದ, ರೋಮ ತುಂಬಿದ ಕೈಯ ಮುಂದೆ ಅವಳ ಎರಡೂ ಕೈ ಗಾಳಿಯಲ್ಲೇ ನಿಂತವು. ಹಿಡಿದರೆ ನೋಯಬಹುದೋ, ಎಲ್ಲಿ ಹಿಡಿಯಬೇಕೋ, ಎಷ್ಟು ಬಿಗಿಯೋ ಒಂದೂ ತಿಳಿಯಲಿಲ್ಲ. "ಸ್ವಲ್ಪ ನೀವೇ ತಿರುಗಿಸ್ರಿ ಅಜ್ಜಾ," ಎಂದಳು. ಅಜ್ಜ ತನಗೆ ತೋಚಿದಂತೆ ತಿರುಗಿಸಿದ. ಫಿಲ್ಮ್ ಮೇಲೂ ಅಲ್ಲದ, ಪಕ್ಕವೂ ಅಲ್ಲದ ಎಡಬಿಡಂಗಿಯಾಗಿ ಬಂತು.

ಪರೀಕ್ಷಕರು ಅವಳ ಲಾಗ್ ಬುಕ್ಕಿನ ಪುಟಗಳನ್ನು ನಿಧಾನವಾಗಿ ತಿರುವಿದರು. "ಹದಿನೇಳು ಮಣಿಕಟ್ಟು ತೆಗೆದಿದ್ದೀರಿ ಅಂತ ಇದೆ. ಇವೆಲ್ಲ ಯಾರವಮ್ಮ?" ಎಂದು ಕೇಳಿದರು.

ಶಹರ್ಬಾನು ನೆಲ ನೋಡಿದಳು. ಸಾಯುವಷ್ಟು ನಾಚಿಕೆಯಾಯಿತು. ಫಲಿತಾಂಶದಲ್ಲಿ ಓಬಯ್ಯ ಪಾಸು, ಸೂರಪ್ಪ ಪಾಸು, ಅವಳು ಪ್ರಾಯೋಗಿಕದಲ್ಲಿ ಫೇಲು. ಮತ್ತೆ ಕೂರಬೇಕಾದರೆ ಹೊಸ ಪುಸ್ತಕದಲ್ಲಿ ಹೊಸದಾಗಿ ಅರವತ್ತು ಮೂಳೆ ತರಬೇಕೆಂದು ಪರೀಕ್ಷಾ ಬೋರ್ಡಿನಿಂದ ಕಾಗದ ಬಂತು. ಆ ಹುಡುಗರಿಬ್ಬರಿಗೆ ಪರೀಕ್ಷೆಯಲ್ಲಿ ಬಂದದ್ದು ಎದೆಯ ಫಿಲ್ಮು. ಅದೃಷ್ಟ ಎನ್ನುವುದಕ್ಕೂ ಕಣ್ಣಿರುತ್ತದೆ, ಅದು ಯಾರನ್ನು ನೋಡಬೇಕೋ ನೋಡಿಕೊಂಡೇ ಬರುತ್ತದೆ.

"ಆ ಬೆಂಗ್ಳೂರಿನೋರು ಹಂಗೇ ಬಿಡಮ್ಮ," ಎಂದರು ಕಲ್ಲೇಶಪ್ಪ, ನಿಜವಾಗಿಯೂ ನೊಂದುಕೊಂಡು. "ಮುಂದಿನ ಸಲ ಬ್ಯಾರೆಯೋರು ಬರ್ತಾರೆ. ಇನ್ನೊಂದ್ಸಲ ಬರ್ಕೊಂಡು ಬಾ, ಸಹಿ ಹಾಕಿ ಕೊಡ್ತೀನಿ."

"ಬರಿಯಲ್ಲ ಸರ್. ತೆಗೀತೀನಿ. ನನಗೆ ಮಶೀನ್ ಕೊಡ್ರಿ."

"ನಿಮ್ಮಪ್ಪ ನನ್ನ ನಂಬಿ ನಿನ್ನ ಇಲ್ಲಿ ಬಿಟ್ಟಾನೆ. ನಾಳೆ ಹರಿಹರದಾಗ ಯಾರಾರ ಒಂದು ಮಾತಂದ್ರೆ ನಾನು ಅವನಿಗೆ ಮುಖ ಹೆಂಗೆ ತೋರಿಸ್ಲಿ?"

ಅಪ್ಪನಿಗೇ ಇಲ್ಲದ ಚಿಂತೆ ಇವರಿಗೆ. ಶಹರ್ಬಾನು ಆಸ್ಪತ್ರೆಯ ದೊಡ್ಡ ಡಾಕ್ಟರ ಹತ್ತಿರ ಹೋದಳು. ಅವರು, "ಹೆಂಗಸರ ಫಿಲ್ಮ್ ಈ ಜಿಲ್ಲೆಯಲ್ಲಿ ನಿನ್ನಷ್ಟು ಚೊಕ್ಕಟವಾಗಿ ತೆಗೆಯೋರು ಇಲ್ಲಮ್ಮ, ಅದನ್ನೇ ಮಾಡಿಕೊಂಡಿರು, ಪರೀಕ್ಷೆಗೇನು ಅವಸರ?" ಎಂದು ಹೊಗಳಿ ಕಳಿಸಿದರು. ಆ ಹೊಗಳಿಕೆಯನ್ನು ಕಟ್ಟಿಕೊಂಡು ಏನು ಮಾಡುವುದು? ಅವಳು ಪಾಸಾದರೆ ಬೇರೆ ಊರಿಗೆ ಹೋಗುತ್ತಾಳೆ, ಪಾಸಾಗದಿದ್ದರೆ ಇಲ್ಲೇ ಇರುತ್ತಾಳೆ. ಇಷ್ಟು ಲೆಕ್ಕ ಯಾರಿಗೂ ಬಾರದ್ದಲ್ಲ. ಆ ದಿನ ರೈಲಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಹರಿಹರ ಬರುವವರೆಗೂ ಅತ್ತಳು.

ಭಾನುವಾರಗಳಲ್ಲಿ ಅವಳು ಮನೆಯವರ ಮೇಲೆ ಬಿದ್ದಳು. ರಟ್ಟನ್ನು ಫಿಲ್ಮಿನ ಪೆಟ್ಟಿಗೆಯ ಅಳತೆಗೆ ಕತ್ತರಿಸಿ ಮಂಚದ ಮೇಲಿಟ್ಟಳು. ಮೇಲಿನ ತೊಲೆಗೆ ಒಂದು ಟಾರ್ಚ್ ಕಟ್ಟಿದಳು, ಬಾಗಿಲು ಹಾಕಿದಳು. ಅಪ್ಪನ ಕೈ, ಅಪ್ಪನ ಮಂಡಿ, ಅಪ್ಪನ ಪಾದ, ರಟ್ಟಿನ ಮೇಲೆ ನೆರಳು ಸರಿಯಾಗಿ ಬೀಳುವವರೆಗೆ ಹೊರಳಿಸಿದಳು. ಪಕ್ಕದ ಅಂಗಡಿಯ ಮಸ್ತಾನಸಾಬರನ್ನೂ ಕರೆತಂದು ಮಲಗಿಸಿದಳು.

"ಇದು ಎಕ್ಸ್-ರೇನೋ ಕುಸ್ತಿನೋ ಬೇಟಿ?" ಎಂದು ಮಸ್ತಾನಸಾಬರು ಕೇಳಿದರು.

"ಸುಮ್ನೆ ಮಲ್ಕೋ," ಎಂದರು ಮೌಲಾ ಸಾಬ್. "ನನ್ನ ಮಂಡಿ ಆಗ್ಲೇ ನಾಲ್ಕು ಸಲ ಪಾಸಾಗೈತೆ."

ಹೀಗೆ ಕೈಗೆ ಧೈರ್ಯ ಬಂತು. ಹಿಡಿಯುವ ಜಾಗ, ಹಿಡಿಯುವ ಬಿಗಿ ಗೊತ್ತಾಯಿತು. ಆದರೆ ಟಾರ್ಚಿನ ನೆರಳಿಗೆ ಆಸ್ಪತ್ರೆಯ ನಂಬರಿಲ್ಲ. ಎಂಬತ್ತೊಂದರ ಸಂಕ್ರಾಂತಿ ಹೊತ್ತಿಗೆ ಹೊಸ ಪುಸ್ತಕದಲ್ಲಿದ್ದದ್ದು ಒಂಬತ್ತು ಮೂಳೆ. ಫಾರಂ ಕಳಿಸುವ ಕೊನೆಯ ದಿನ ಫೆಬ್ರವರಿ ಇಪ್ಪತ್ತೈದು.

ಸಂಕ್ರಾಂತಿ ಕಳೆದು ಐದನೆಯ ದಿನ, ಸೋಮವಾರ ಬೆಳಿಗ್ಗೆ, ಕಲ್ಲೇಶಪ್ಪನವರು ಕತ್ತಲ ಕೋಣೆಯಲ್ಲಿ ಜಾರಿ ಬಿದ್ದರು. ಫಿಲ್ಮ್ ತೊಳೆಯುವ ನೀರು ನೆಲಕ್ಕೆ ಚೆಲ್ಲಿದರೆ ಸಾಬೂನಿನ ಹಾಗೆ ಜಾರುತ್ತದೆ, ಕೂಡಲೇ ಒರೆಸಬೇಕು ಎಂದು ಇಪ್ಪತ್ತು ವರ್ಷದಿಂದ ಎಲ್ಲರಿಗೂ ಹೇಳುತ್ತ ಬಂದವರೇ ಅವರು. ಬಲಗೈ ಊರಿ ಬಿದ್ದಿದ್ದರು. ಯಲ್ಲಕ್ಕ ಹಿಡಿದೆತ್ತಿ ತಂದು ಸ್ಟೂಲಿನ ಮೇಲೆ ಕೂರಿಸಿದಳು. ಮಣಿಕಟ್ಟು ಆಗಲೇ ಚಮಚದಂತೆ ಬಾಗಿತ್ತು. ಓಬಯ್ಯ ಚಿತ್ರದುರ್ಗದಲ್ಲಿ, ಸೂರಪ್ಪ ರಾಣೆಬೆನ್ನೂರಿನಲ್ಲಿ ಕೆಲಸ ಹಿಡಿದಿದ್ದರು. ಆ ಕೋಣೆಯಲ್ಲಿ ಯಂತ್ರ ಬಲ್ಲವರು ಉಳಿದದ್ದು ಒಬ್ಬಳೇ.

"ಕೈ ಕೊಡ್ರಿ ಸರ್," ಎಂದಳು ಶಹರ್ಬಾನು.

ಕಲ್ಲೇಶಪ್ಪನವರು ಎಡಗೈ ಚಾಚಿದರು. ನೋವಿನಲ್ಲೂ ಸಂಕೋಚ ಬಿಟ್ಟಿರಲಿಲ್ಲ. ಅವಳು ಅದನ್ನು ಪಕ್ಕಕ್ಕೆ ಸರಿಸಿ, ಬಲಗೈಯನ್ನು ಮೊಣಕೈಯ ಕೆಳಗೊಮ್ಮೆ, ಬೆರಳುಗಳ ಹತ್ತಿರ ಒಮ್ಮೆ ಹಿಡಿದು ಮೇಜಿನ ಮೇಲಿಟ್ಟಳು. ಮೇಲಿನಿಂದ ಒಂದು. ಆಮೇಲೆ ಹೊರಳಿಸಿ, ಮರಳಿನ ಚೀಲದ ಬೆಂಬಲ ಕೊಟ್ಟು, ಪಕ್ಕದಿಂದ ಒಂದು. ಕೈಯ ಫಿಲ್ಮಿಗೆ ಉಸಿರು ಹಿಡಿಯುವ ಅಗತ್ಯವೇ ಇಲ್ಲ. ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ಕಲ್ಲೇಶಪ್ಪನವರು ಎರಡು ಸಲವೂ ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿಕೊಂಡರು. ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದಾಗ ಎರಡೂ ಪುಸ್ತಕದ ಚಿತ್ರದಂತೆ ಬಂದಿದ್ದವು.

ಆರು ವಾರ ಪ್ಲಾಸ್ಟರ್ ಎಂದರು ಡಾಕ್ಟರು. ಕಲ್ಲೇಶಪ್ಪನವರು ಬದಲಿಗೆ ಒಬ್ಬ ಗಂಡಸನ್ನು ಕಳಿಸಿರೆಂದು ಮೂರು ಕಡೆಗೆ ಹೇಳಿ ಕಳಿಸಿದರು. ಯಾರೂ ಸಿಗಲಿಲ್ಲ. ಸುಗ್ಗಿಯ ಕಾಲ. ಕಣದಲ್ಲಿ ಬಿದ್ದವರು, ಹುಲ್ಲಿನ ಗಾಡಿ ಮಗುಚಿಸಿಕೊಂಡವರು, ಮಂಡಿಯ ಹಮಾಲರು ಒಬ್ಬರ ಹಿಂದೊಬ್ಬರು ಬಂದರು. ಕಲ್ಲೇಶಪ್ಪನವರು ರಜೆ ಹಾಕದೆ ದಿನಾ ಬಂದು, ಕೊರಳಿಗೆ ಕೈ ತೂಗುಹಾಕಿಕೊಂಡು ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು, ಒಬ್ಬೊಬ್ಬ ಗಂಡಸಿಗೂ ಕ್ಷಮೆ ಕೇಳುತ್ತಿದ್ದರು.

"ತಪ್ಪು ತಿಳೀಬ್ಯಾಡ್ರಪ್ಪ. ಈ ಹುಡ್ಗಿ ತೆಗೀತಾಳೆ. ಬ್ಯಾರೆ ದಾರಿ ಇಲ್ಲ."

"ಯಾರಾರ ತೆಗೀಲಿ ಸಾಮಿ," ಎಂದ ಒಬ್ಬ ಹಮಾಲ. "ಇಲ್ಲಿ ಜೀವ ಹೋಗಾಕ್ ಹತ್ತೈತೆ, ನೀವೊಳ್ಳೆ ಹುಡ್ಗಿ ಹುಡುಗ ಅಂತೀರಲ್ಲ."

ಮೂವತ್ತಾರು ದಿನದಲ್ಲಿ ಒಬ್ಬನೇ ಒಬ್ಬ ಗಂಡಸೂ ಮುಜುಗರಪಡಲಿಲ್ಲ. ಒಬ್ಬ ಮಾತ್ರ ಹೆಂಗಸರ ಮುಂದೆ ಅತ್ತರೆ ಚೆನ್ನಾಗಿರುವುದಿಲ್ಲವೆಂದು ಹಲ್ಲು ಕಚ್ಚಿಕೊಂಡಿದ್ದ. ಶಹರ್ಬಾನುವೇ ಅಳಪ್ಪಾ ಪರವಾಗಿಲ್ಲ ಎಂದು ಹೇಳಬೇಕಾಯಿತು. ಎರಡೂವರೆ ವರ್ಷ ಯಾವ ಬೆಟ್ಟವನ್ನು ತೋರಿಸಿ ತನ್ನನ್ನು ಹೆದರಿಸಿದರೋ ಅಲ್ಲಿ ಒಂದು ಇಲಿಯೂ ಇರಲಿಲ್ಲ. ಅದು ಗೊತ್ತಾದಾಗ ಅವಳಿಗೆ ಖುಷಿಗಿಂತ ಸಿಟ್ಟೇ ಹೆಚ್ಚಾಯಿತು.

ಫೆಬ್ರವರಿ ಇಪ್ಪತ್ತಮೂರಕ್ಕೆ ಅರವತ್ತನೆಯ ಮೂಳೆ ಬಂತು, ಒಬ್ಬ ಬಡಗಿಯ ಹಿಮ್ಮಡಿ. ಎಲ್ಲ ಅರವತ್ತಕ್ಕೂ ನಂಬರು, ತಾರೀಖು, ಫಿಲ್ಮು ಇತ್ತು. ಒಂದೂ ಇಳಿಸಿಕೊಂಡದ್ದಲ್ಲ. ಅವಳು ಪುಸ್ತಕ ಹಿಡಿದು ಬೆಂಚಿನ ಹತ್ತಿರ ಹೋದಳು. ಅಲ್ಲಿಗೆ ಹೋಗಿ ನಿಂತ ಮೇಲೆ ಅವಳಿಗೆ ಹೊಳೆಯಿತು. ಸಹಿ ಹಾಕುವ ಕೈ ಪ್ಲಾಸ್ಟರಿನಲ್ಲಿತ್ತು, ಬೆರಳುಗಳು ಊದಿ ಪೆನ್ನು ಹಿಡಿಯುವಂತಿರಲಿಲ್ಲ.

ಕಲ್ಲೇಶಪ್ಪನವರು ಕೈ ನೋಡಿಕೊಂಡು ನಕ್ಕರು. "ಮಾರ್ಚ್ ಎರಡಕ್ಕೆ ಬಿಚ್ತಾರಂತೆ. ಆಮೇಲೆ ಹಾಕ್ತೀನಿ ಬಿಡಮ್ಮ. ಇದಲ್ದಿದ್ರೆ ಮುಂದಿನ ಪರೀಕ್ಷೆ. ಆರು ತಿಂಗ್ಳು ಏನು ಮಹಾ."

ಶಹರ್ಬಾನು ಪುಸ್ತಕ ಚಾಚಿಕೊಂಡು ಅಲ್ಲೇ ನಿಂತಳು. ಅವಳ ಮುಖ ನೋಡಿ ಅವರ ನಗು ಇಳಿಯಿತು.

"ಯಾಕಮ್ಮ ಹಂಗೆ ನೋಡ್ತಿ? ನಾನೇನು ನಿನಗೆ ತಪ್ಪು ಮಾಡೀನೇನು?"

ಹೀಗೆ ಕೇಳುವವರು ಇಲ್ಲ ಸರ್ ಎಂಬ ಉತ್ತರವನ್ನು ಮೊದಲೇ ಜೇಬಿನಲ್ಲಿ ಇಟ್ಟುಕೊಂಡು ಕೇಳುತ್ತಾರೆ. ಶಹರ್ಬಾನುವೂ ಅಂಥ ಉತ್ತರ ಎಷ್ಟೋ ಕೊಟ್ಟಿದ್ದಳು.

"ಹೌದ್ರಿ ಸರ್," ಎಂದಳು. "ಮಾಡೀರಿ. ನನಗೊಂದು ಮೂಳೆ ಹಿಡಿಯೋದು ಕಲಿಸ್ಲಿಲ್ಲ ನೀವು. ಬೆಂಗ್ಳೂರಾಗ ಆ ಅಜ್ಜನ ಕೈ ಮುಂದೆ ನಾನು ಹೆಂಗೆ ನಿಂತಿದ್ದೆ ಅಂತ ನಿಮಗೆ ಗೊತ್ತಿಲ್ಲ. ಸ್ಟೂಲು ಕೊಟ್ರಿ, ಚಾ ಕೊಟ್ರಿ. ನನಗೆ ಅದ್ಯಾವುದೂ ಬೇಕಿರ್ಲಿಲ್ಲ."

ಯಲ್ಲಕ್ಕ ಪೊರಕೆ ಹಿಡಿದವಳು ಹಾಗೇ ನಿಂತಳು. ಕಲ್ಲೇಶಪ್ಪನವರು ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆದರು. ಆಮೇಲೆ, "ಪೆನ್ನು ಕೊಡು," ಎಂದು ಎಡಗೈ ಚಾಚಿದರು.

ಹನ್ನೆರಡು ಪುಟಕ್ಕೆ ಹನ್ನೆರಡು ಸಹಿ ಹಾಕಲು ಅವರಿಗೆ ಒಂದು ಗಂಟೆ ಹಿಡಿಯಿತು. ಅಕ್ಷರಗಳು ಒಂದನೇ ಇಯತ್ತೆಯ ಮಗು ಬರೆದಂತೆ ಒಂದು ಮೇಲೆ, ಒಂದು ಕೆಳಗೆ ಬಿದ್ದಿದ್ದವು. ಶಹರ್ಬಾನು ಪುಸ್ತಕ ಜಾರದಂತೆ ಹಿಡಿದುಕೊಂಡಿದ್ದಳು.

ಆಫೀಸಿನ ಗುಮಾಸ್ತ ಮಾಲತೇಶಪ್ಪ ಪುಸ್ತಕ ಬಿಡಿಸಿದವನೇ ಮುಚ್ಚಿದ. "ಇದು ಕಲ್ಲೇಶಪ್ಪನೋರ ಸಹಿ ಅಲ್ಲ. ಬೋರ್ಡಿನಾಗೆ ಅವರ ಸಹಿ ಐತೆ, ತಾಳೆ ನೋಡ್ತಾರೆ. ಮಾಡಿದ್ದೆಲ್ಲ ಫೋರ್ಜರಿ ಅಂತ ನನ್ನ ಮ್ಯಾಗೆ ಬರ್ತೈತೆ. ಆಗಲ್ಲಮ್ಮ."

ಅವಳು ಎಕ್ಸ್-ರೇ ಕೋಣೆಗೆ ಹೋಗಿ, ಕಪಾಟಿನಿಂದ ಕಲ್ಲೇಶಪ್ಪನವರ ಮಣಿಕಟ್ಟಿನ ಎರಡು ಫಿಲ್ಮ್ ತೆಗೆದುಕೊಂಡು ಬಂದು ಗುಮಾಸ್ತನ ಮೇಜಿನ ಮೇಲಿಟ್ಟಳು. "ಸಹಿ ಯಾಕೆ ಬ್ಯಾರೆ ಐತೆ ಅಂತ ಇದು ಹೇಳ್ತೈತೆ. ಇದನ್ನೂ ಫಾರಂ ಜೊತೆ ಕಳಿಸ್ರಿ."

ಮಾಲತೇಶಪ್ಪ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ. ಅವನಿಗೆ ಅದರಲ್ಲಿ ಏನು ಕಂಡಿತೋ, ಮುರಿದ ಮೂಳೆಯಂತೂ ಯಾರಿಗಾದರೂ ಕಾಣುವಂತಿತ್ತು. ಹಿಂದೆಯೇ ಕಲ್ಲೇಶಪ್ಪನವರೂ ಬಂದು ನಿಂತಿದ್ದರು. ತಾವು ಎಡಗೈಯಲ್ಲಿ ಸಹಿ ಹಾಕಿದ್ದು ನಿಜವೆಂದು ಒಂದು ಚೀಟಿಯನ್ನೂ ಬರೆದುಕೊಟ್ಟರು. ಗುಮಾಸ್ತ ಗೊಣಗುತ್ತ ಎಲ್ಲವನ್ನೂ ಪಿನ್ ಮಾಡಿ, ಫಾರಂನ ಕೊನೆಯ ಪುಟ ತೆಗೆದ.

"ಇಲ್ಲೊಂದು ಉಳಿದೈತೆ ನೋಡ್ರಿ," ಎಂದು ಅಚ್ಚಾದ ಸಾಲನ್ನು ಓದಿದ: "'ಮೇಲ್ಕಂಡ ಅಭ್ಯರ್ಥಿಗೆ ಮೇಲ್ಕಂಡ ಎಲ್ಲ ವಿಧಾನಗಳಲ್ಲಿ ನಾನು ಸ್ವತಃ ತರಬೇತಿ ನೀಡಿರುತ್ತೇನೆ.' ಇದ್ರ ಕೆಳಗೆ ಹಾಕ್ರಿ."

ಕಲ್ಲೇಶಪ್ಪನವರು ಪೆನ್ನು ಹಿಡಿದರು. ಓಬಯ್ಯನಿಗೆ, ಸೂರಪ್ಪನಿಗೆ, ಅದಕ್ಕೂ ಮುಂಚಿನ ಎಷ್ಟೋ ಹುಡುಗರಿಗೆ ಇದೇ ಸಾಲಿನ ಕೆಳಗೆ ಓದದೆ ಸಹಿ ಹಾಕಿದ್ದ ಮನುಷ್ಯ. ಇವತ್ತು ಎರಡು ಸಲ ಓದಿದರು.

"ಇದನ್ನ ಹೆಂಗೆ ಹಾಕ್ಲಿ ಬಾನು?" ಎಂದರು ಮೆಲ್ಲಗೆ. "ನಾನು ಕಲಿಸ್ಲಿಲ್ಲ ಅಂತ ಈಗಿನ್ನ ನೀನೇ ಹೇಳ್ದಿ. ಖರೇನೇ ಐತೆ. ಹಾಕಿದ್ರೆ ಸುಳ್ಳಾಗ್ತೈತಲ್ಲಮ್ಮ."

ಅವಳಿಗೆ ಆ ಕ್ಷಣ ಆ ಮನುಷ್ಯನ ಕುತ್ತಿಗೆ ಹಿಚುಕಬೇಕೆನ್ನಿಸಿತು. ಒಂದು ಜನ್ಮದಲ್ಲಿ ಒಮ್ಮೆ ಬಂದ ಪ್ರಾಮಾಣಿಕತೆ, ಬರಲು ಇದೇ ಹೊತ್ತು ಸಿಕ್ಕಿತೇ? ಹಾಕದಿದ್ದರೆ ಫಾರಂ ಹೋಗುವುದಿಲ್ಲ. ಹಾಕಿದರೆ, ಅಪ್ಪನ ಮಂಡಿ, ಮಸ್ತಾನಸಾಬರ ಕಾಲು, ತೊಲೆಗೆ ಕಟ್ಟಿದ ಟಾರ್ಚು, ಅವಳ ಎಲ್ಲ ಭಾನುವಾರಗಳೂ ಕಲ್ಲೇಶಪ್ಪನವರ ತರಬೇತಿ ಎಂದಾಗುತ್ತದೆ. ಹಿಂದೆ ಸಾಲಿನಲ್ಲಿ ನಿಂತವರು ಬೇಗ ಮುಗಿಸಿರೆಂದು ಗೊಣಗುತ್ತಿದ್ದರು. ಮಾಲತೇಶಪ್ಪ ಟಪಾಲು ಮೂರು ಗಂಟೆಗೆ ಹೋಗುತ್ತದೆ ಎಂದ.

"ಹಾಕ್ರಿ ಸರ್," ಎಂದಳು ಶಹರ್ಬಾನು. "ನೀವೇ ಕಲಿಸೀರಿ. ಹಾಕ್ರಿ."

ಅವರು ಹಾಕಿದರು. ಇಷ್ಟು ಜನರ ಎದುರಿಗೆ ಅವಳು ಥ್ಯಾಂಕ್ಸ್ ಸರ್ ಎಂದೂ ಹೇಳಬೇಕಾಯಿತು.

ಏಪ್ರಿಲ್ ಪರೀಕ್ಷೆಯಲ್ಲಿ ಅವಳು ಪಾಸಾದಳು. ಬೋರ್ಡಿನಿಂದ ಬಂದ ಸರ್ಟಿಫಿಕೇಟಿನಲ್ಲಿ ಅವಳ ಹೆಸರಿನ ಕೆಳಗೆ, ತರಬೇತಿ ನೀಡಿದವರು ಎಂಬಲ್ಲಿ, ಕಲ್ಲೇಶಪ್ಪನವರ ಹೆಸರು ಅಷ್ಟೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮೌಲಾ ಸಾಬರು ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕುತ್ತೇನೆಂದು ಕೇಳಿದರು. ಶಹರ್ಬಾನು ಕೊಡಲಿಲ್ಲ. ಬಟ್ಟೆಯ ಟ್ರಂಕಿನ ತಳದಲ್ಲಿ ಇಟ್ಟಳು. ಕೆಲಸಕ್ಕೆ ಅರ್ಜಿ ಹಾಕುವಾಗ ತೆಗೆದು, ನಕಲು ಮಾಡಿಸಿಕೊಂಡು, ಮತ್ತೆ ಅಲ್ಲೇ ಇಡುತ್ತಿದ್ದಳು.